ಗಂಡನ ಮನೆಯಲ್ಲೂ ಅಲ್ಬಿನಿಸಂ, ನನ್ನ ತವರಲ್ಲೂ ಅಲ್ಬಿನಿಸಂ. ಮಗ ಮಾತ್ರ ನಮ್ಮಪ್ಪನ ಬಣ್ಣ

ಹೇಮಾವತಿ ದಂಡೆ:

ಇದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ಳುತ್ತಿದ್ದೆ. ಉದ್ದ ಇದೆ, ಸಮಾಧಾನವಾಗಿ ಓದಿ. ಅಲ್ಬಿನಿಸಂ ಅಂದರೆ ಮೈ, ಕೂದಲು, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಹುಟ್ಟಿನಿಂದಲೇ ಕಡಿಮೆ ಇರುವುದು. ಕೊನೆಯಲ್ಲಿ ನಿಮ್ಮಿಂದ ಒಂದು ಸಹಾಯವೂ ಬೇಕು.

ನಾನು ಹಾಸನ ಜಿಲ್ಲೆಯವಳು. ಈಗ ಫ್ಲೋರಿಡಾದ ಒರ್ಲ್ಯಾಂಡೊದಲ್ಲಿದ್ದೇನೆ. ನನ್ನ ಗಂಡ ಪೋರ್ಟೊ ರಿಕೊದವರು. ಅದು ಕೆರಿಬಿಯನ್ ಸಮುದ್ರದ ಒಂದು ದ್ವೀಪ, ಅಮೆರಿಕದ ಆಡಳಿತದಲ್ಲಿದೆ. ಇವರ ಊರು ಆ ದ್ವೀಪದ ವಾಯವ್ಯ ಮೂಲೆಯ ಅಗ್ವಾಡಿಯಾ. ಅಲ್ಲಿನ ಜನರಲ್ಲಿ ಮೂರು ಕಡೆಯ ರಕ್ತ ಸೇರಿದೆ. ಮೊದಲಿಂದ ಅಲ್ಲೇ ಇದ್ದ ತಾಯಿನೊ ಜನ, ಸ್ಪೇನಿನಿಂದ ಬಂದವರು, ಗುಲಾಮರನ್ನಾಗಿ ಮಾಡಿ ಆಫ್ರಿಕಾದಿಂದ ತಂದವರು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಗೋಧಿ ಬಣ್ಣ, ಇನ್ನೊಬ್ಬ ಕಾಫಿ ಬಣ್ಣ, ಮತ್ತೊಬ್ಬಳಿಗೆ ಹಸಿರು ಕಣ್ಣು ಇರುತ್ತದೆ. ಅಲ್ಲಿ ಅದನ್ನು ಯಾರೂ ವಿಶೇಷ ಅಂದುಕೊಳ್ಳುವುದಿಲ್ಲ.

ತೊಂದರೆ ಶುರುವಾಗಿದ್ದೇ ಅಲ್ಲಿಂದ. ನನ್ನ ನಾದಿನಿ ಹುಟ್ಟಿದಾಗ ಜೇನಿನ ಬಣ್ಣದ ಕೂದಲು, ಕೆನೆಯಂಥ ಚರ್ಮ. ಮನೆಯವರೆಲ್ಲ "ಸ್ಪೇನಿನ ಮುತ್ತಜ್ಜಿಯನ್ನು ಹೋಲ್ತಾಳೆ" ಅಂದುಬಿಟ್ಟರು. ಕಣ್ಣು ಗುಡ್ಡೆ ಅತ್ತಿತ್ತ ಅಲುಗಾಡುತ್ತಿತ್ತು, ಕನ್ನಡಕ ಹಾಕಿಸಿದರು. ಮೈ ಮೇಲೆ ಸುಮ್ನೆ ಸುಮ್ನೆ ನೀಲಿ ಕಲೆ ಏಳುತ್ತಿತ್ತು, ಚೂಟಿ ಹುಡುಗಿ ಎಲ್ಲೋ ಬಿದ್ದಿರಬೇಕು ಅಂದರು. ಶಾಲೆಯಲ್ಲಿ ಟೀಚರ್ ಒಬ್ಬರು ನನ್ನ ಅತ್ತೆಯನ್ನು ಕರೆಸಿ, ಮಗುವಿಗೆ ಮನೆಯಲ್ಲಿ ಹೊಡೆಯುತ್ತೀರಾ ಅಂತ ಕೇಳಿದ್ದರಂತೆ. ಹನ್ನೊಂದನೇ ವಯಸ್ಸಿನಲ್ಲಿ ಒಂದು ದವಡೆ ಹಲ್ಲು ಕೀಳಿಸಿದರು. ಅವತ್ತು ಸಂಜೆಯಿಂದ ಬೆಳಗಿನವರೆಗೆ ರಕ್ತ ನಿಲ್ಲಲಿಲ್ಲ. ಅತ್ತೆ ಇವತ್ತಿಗೂ ಆ ಹಳದಿ ಟವೆಲ್ ಬಗ್ಗೆ ಹೇಳುತ್ತಾರೆ. ಮೂರು ಸಲ ಬಚ್ಚಲಲ್ಲಿ ಹಿಂಡಿ ಮತ್ತೆ ಬಾಯಿಗೆ ಒತ್ತಿದರಂತೆ. ನೋವಿಗೆ ಅಂತ ಮನೆಯಲ್ಲಿದ್ದ ಆಸ್ಪಿರಿನ್ ಕೊಟ್ಟಿದ್ದರು. ಕೊಡಲೇಬಾರದಾಗಿದ್ದ ಮಾತ್ರೆ ಅದು.

ಆಮೇಲೆ ಗೊತ್ತಾಗಿದ್ದು ಹರ್ಮಾನ್‌ಸ್ಕಿ-ಪುಡ್ಲಾಕ್ ಸಿಂಡ್ರೋಮ್ ಅಂತ. 1959ರಲ್ಲಿ ಇಬ್ಬರು ಜೆಕ್ ವೈದ್ಯರು ಮೊದಲು ವಿವರಿಸಿದ ಕಾಯಿಲೆ. ಅಲ್ಬಿನಿಸಂ ಜೊತೆಗೆ, ಗಾಯವಾದಾಗ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್‌ಗಳಲ್ಲೂ ದೋಷ. ಲೆಕ್ಕ ಮಾಡಿದರೆ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗೇ ಇರುತ್ತದೆ. ಅವುಗಳ ಒಳಗಿರಬೇಕಾದ ಸಣ್ಣ ಕಣಗಳೇ ಇರುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಮಾತ್ರ ಕಾಣುತ್ತದೆ. ಜಗತ್ತಿನಲ್ಲಿ ಎಲ್ಲ ಬಗೆಯ ಅಲ್ಬಿನಿಸಂ ಸೇರಿಸಿದರೂ ಸುಮಾರು 17,000ದಿಂದ 20,000 ಜನಕ್ಕೆ ಒಬ್ಬರು. ವಾಯವ್ಯ ಪೋರ್ಟೊ ರಿಕೊದಲ್ಲಿ ಈ ಒಂದು ಕಾಯಿಲೆಯೇ ಸುಮಾರು 1,800 ಜನಕ್ಕೆ ಒಬ್ಬರಿಗಿದೆ. ಅಲ್ಲಿ 21 ಜನರಲ್ಲಿ ಒಬ್ಬರು ಈ ಕಾಯಿಲೆಯ ಕೆಟ್ಟ ಜೀನಿನ ಒಂದೇ ಪ್ರತಿ ಹೊತ್ತು ತಿರುಗುತ್ತಿದ್ದಾರೆ, ಅವರಿಗೆ ಏನೂ ತೊಂದರೆ ಇಲ್ಲ, ಗೊತ್ತೂ ಇಲ್ಲ.

ಈಗ ನನ್ನ ತವರಿನ ಕಥೆ. ನನ್ನ ದೊಡ್ಡಮ್ಮ ತನ್ನ ಸೋದರಮಾವನನ್ನೇ ಮದುವೆಯಾದವರು. ಅವರ ಮಗ, ನಾನು ಅಣ್ಣ ಅಂತ ಕರೆಯುವವನು, ಹುಟ್ಟುತ್ತಲೇ ಬೆಳ್ಳಗೆ. ಕೂದಲು, ರೆಪ್ಪೆ, ಹುಬ್ಬು ಎಲ್ಲ ಹತ್ತಿಯ ಹಾಗೆ. ಇಲ್ಲಿ ಯಾರೂ ಮುತ್ತಜ್ಜಿಯನ್ನು ಹೋಲುತ್ತಾನೆ ಅನ್ನಲಿಲ್ಲ. ಗ್ರಹಣದ ದಿನ ದೊಡ್ಡಮ್ಮ ಹೊರಗೆ ಬಂದಿದ್ದರು ಅಂದರು. ತೊನ್ನು ಅಂದರು. ಹುಡುಗರು ಪರಂಗಿ ಅಂತ ಕೂಗಿದರು. ಹದಿನಾರು ವರ್ಷದವರೆಗೆ ಒಬ್ಬ ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಲಿಲ್ಲ.

ಅಂದರೆ ಒಂದು ಕಡೆ ನಾನಾ ಬಣ್ಣದ ಮನೆ, ಅಲ್ಲಿ ಅಲ್ಬಿನಿಸಂ ಕಣ್ಣೆದುರಿಗಿದ್ದರೂ ಕಾಣಲಿಲ್ಲ. ಇನ್ನೊಂದು ಕಡೆ ಎಲ್ಲರೂ ಒಂದೇ ಬಣ್ಣದ ಮನೆ, ಅಲ್ಲಿ ಬಿಳುಪು ಬಿಟ್ಟು ಬೇರೇನೂ ಕಾಣಲಿಲ್ಲ.

ನಾನು ಬಸುರಿಯಾದಾಗ ಎರಡೂ ಕಡೆ ಒಂದೇ ಪ್ರಶ್ನೆ. ಮಗು ಬಿಳಿ ಹುಟ್ಟುತ್ತಾ? ನಾವಿಬ್ಬರೂ ಪರೀಕ್ಷೆ ಮಾಡಿಸಿದೆವು. ಇಂಥ ಜೀನಿನ ಒಂದು ಪ್ರತಿ ಅಪ್ಪನಿಂದ, ಒಂದು ಅಮ್ಮನಿಂದ ಬರುತ್ತದೆ, ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಗಂಡನಲ್ಲಿ ಎಚ್‌ಪಿಎಸ್1 ಅನ್ನುವ ಜೀನಿನ ಒಂದು ಪ್ರತಿ ಕೆಟ್ಟಿದೆ. ಅದು ಹತ್ತನೇ ಕ್ರೋಮೋಸೋಮಿನಲ್ಲಿದೆ. ನನ್ನಲ್ಲಿ ಟಿವೈಆರ್ ಅನ್ನುವ ಜೀನಿನ ಒಂದು ಪ್ರತಿ ಕೆಟ್ಟಿದೆ. ಅದು ಹನ್ನೊಂದನೆಯದರಲ್ಲಿ. ಇವೆರಡೂ ಬೇರೆ ಬೇರೆ. ಮಗುವಿಗೆ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಹೋದರೂ, ಎಚ್‌ಪಿಎಸ್1ರ ಒಳ್ಳೆಯ ಪ್ರತಿ ನನ್ನಿಂದ ಸಿಗುತ್ತದೆ, ಟಿವೈಆರ್‌ನ ಒಳ್ಳೆಯ ಪ್ರತಿ ಅಪ್ಪನಿಂದ ಸಿಗುತ್ತದೆ. ಜೀನ್ ಬಗ್ಗೆ ಸಲಹೆ ಕೊಡುವ ಕೌನ್ಸೆಲರ್ ಇದನ್ನು ಹೇಳಿದಾಗ ನಾನು ಇನ್ನೊಂದು ಸಲ ಹೇಳಿ ಅಂತ ಕೇಳಿದೆ. ಎರಡನೇ ಸಲ ಹೇಳಿದಾಗ ಅಳು ಬಂತು.

ಮಗ ಹುಟ್ಟಿದ. ಗುಂಗುರು ಕೂದಲು, ಕಂದು ಕಣ್ಣು, ಥೇಟ್ ನಮ್ಮಪ್ಪನ ಬಣ್ಣ. ವಿಡಿಯೋ ಕಾಲ್‌ನಲ್ಲಿ ನಮ್ಮ ಕಡೆಯವರೊಬ್ಬರ ಮೊದಲ ಮಾತು: "ಗಂಡ ಅಷ್ಟು ಕೆಂಪಗಿದ್ದಾನೆ, ಮಗು ಯಾಕೆ ಹೀಗೆ, ಕೇಸರಿ ಹಾಲು ಕುಡೀಲಿಲ್ವಾ?"

ಬಿಳಿ ಹುಟ್ಟಿದರೂ ಕಷ್ಟ, ಕಪ್ಪಗೆ ಹುಟ್ಟಿದರೂ ಕಷ್ಟ. ನನಗೆ ಅವತ್ತು ತುಂಬಾ ಸಿಟ್ಟು ಬಂತು. ನಿಮ್ಮಲ್ಲಿ ಇಂಥದ್ದು ಕಂಡವರು ಇದ್ದರೆ ಬರೆಯಿರಿ. ಸಹಾಯದ ವಿಷಯ ಆಮೇಲೆ ಹೇಳುತ್ತೇನೆ.

ಕಣ್ಣಿನ ಕೆಲಸದವಳು:

ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುವವಳು, ಮೈಸೂರು. ನಿಮ್ಮ ನಾದಿನಿಯ ಕಥೆ ಓದಿ ಹೊಟ್ಟೆ ತೊಳೆಸಿದ ಹಾಗಾಯಿತು. ಆ ಅಲುಗಾಡುವ ಕಣ್ಣೇ ಎಲ್ಲವನ್ನೂ ಹೇಳುತ್ತಿತ್ತು.

ಎಲ್ಲರಿಗೂ ಒಂದು ವಿಷಯ ಹೇಳಬೇಕು. ಅಲ್ಬಿನಿಸಂ ಅಂದರೆ ಚರ್ಮದ ಕಾಯಿಲೆ ಅಂತ ಜನ ತಿಳಿದಿದ್ದಾರೆ. ಹೊಟ್ಟೆಯಲ್ಲಿದ್ದಾಗ ಮಗುವಿನ ಕಣ್ಣು ಸರಿಯಾಗಿ ಬೆಳೆಯಲೂ ಮೆಲನಿನ್ ಬೇಕು. ಅದು ಕಡಿಮೆಯಾದರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ಮಧ್ಯ ಭಾಗ, ನಾವು ಅಕ್ಷರ ಓದುವ ಜಾಗ, ಪೂರ್ತಿ ರೂಪುಗೊಳ್ಳುವುದಿಲ್ಲ. ಕಣ್ಣಿನಿಂದ ಮಿದುಳಿಗೆ ಹೋಗುವ ನರಗಳು ಕೂಡ ದಾರಿ ತಪ್ಪುತ್ತವೆ, ಈ ಬದಿಯಲ್ಲೇ ಉಳಿಯಬೇಕಾದ ಎಳೆಗಳು ಆ ಬದಿಗೆ ದಾಟಿಬಿಡುತ್ತವೆ. ಅದಕ್ಕೇ ಕನ್ನಡಕದಿಂದ ಪೂರ್ತಿ ಸರಿಹೋಗುವುದಿಲ್ಲ. ಬೆಳಕು ಚುಚ್ಚುತ್ತದೆ. ಮಗುವಿಗೆ ಎರಡು ಮೂರು ತಿಂಗಳಾಗುವ ಹೊತ್ತಿಗೆ ಕಣ್ಣು ಗುಡ್ಡೆ ಅಲುಗಾಡುವುದು ಗೊತ್ತಾಗುತ್ತದೆ.

ಕೆಂಪು ಕಣ್ಣು ಅನ್ನುವುದನ್ನೂ ಬಿಟ್ಟುಬಿಡಿ. ಹೆಚ್ಚಿನವರ ಕಣ್ಣು ನೀಲಿ, ಬೂದು ಅಥವಾ ಕಂದು ಇರುತ್ತದೆ. ಕೂದಲೂ ಎಲ್ಲರದ್ದೂ ಬಿಳಿ ಇರುವುದಿಲ್ಲ. ಹಳದಿ, ಜೇನು, ಕಂದು ಎಲ್ಲ ಇದೆ. ದಕ್ಷಿಣ ಆಫ್ರಿಕಾದ ಕಪ್ಪು ಜನರಲ್ಲಿ ಕಾಣುವ ಒಂದು ಬಗೆಯಲ್ಲಿ ಚರ್ಮ ಇಟ್ಟಿಗೆ ಕೆಂಪು, ಕೂದಲೂ ಕೆಂಪು. ಹಾಗಾಗಿ ಬಣ್ಣ ನೋಡಿ ಹೌದು ಅಲ್ಲ ಅನ್ನಬೇಡಿ. ಅದರಲ್ಲೂ ಬೇರೆ ಬೇರೆ ಮೂಲದವರು ಸೇರಿದ ಮನೆಗಳಲ್ಲಿ ಮಗು ಉಳಿದವರಿಗಿಂತ ತುಂಬಾ ತಿಳಿ ಬಣ್ಣವಿದ್ದು ಕಣ್ಣು ಅಲುಗಾಡುತ್ತಿದ್ದರೆ ಸೀದಾ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೂಗಿನಲ್ಲಿ ಆಗಾಗ ರಕ್ತ, ನೀಲಿ ಕಲೆ ಇದ್ದರೆ ಅದನ್ನೂ ನೀವೇ ಬಾಯಿ ಬಿಟ್ಟು ಹೇಳಿ.

ತೊನ್ನಿಗೂ ಇದಕ್ಕೂ ಸಂಬಂಧ ಇಲ್ಲ. ತೊನ್ನು ಆಮೇಲೆ ಬರುವುದು, ಇದ್ದ ಬಣ್ಣ ಕಲೆ ಕಲೆಯಾಗಿ ಹೋಗುವುದು. ಇದು ಹುಟ್ಟಿನಿಂದ. ಎರಡೂ ಅಂಟುವುದಿಲ್ಲ.

ನೇರ ಮಾತು:

ತಪ್ಪು ತಿಳಿಯಬೇಡಿ ಅಕ್ಕಾ. ಜಾತಿ ದೇಶ ಬಿಟ್ಟು ಮದುವೆಯಾದರೆ ಇಂಥ ತೊಡಕೆಲ್ಲ ಬರುತ್ತೆ ಅಂತ ಹಿರಿಯರು ಅದಕ್ಕೇ ಹೇಳಿದ್ದು. ರಕ್ತ ಬೆರೆತರೆ ಏನಾಗುತ್ತೋ ಯಾರಿಗೆ ಗೊತ್ತು?

ಹೇಮಾವತಿ ದಂಡೆ:

ಗೊತ್ತಿದೆ. ಪರೀಕ್ಷೆಯ ಕಾಗದ ನನ್ನ ಕೈಲಿದೆ. ನಾನು ದೊಡ್ಡಮ್ಮನ ಹಾಗೆ ಸೋದರಮಾವನನ್ನೋ ಅವರ ಕಡೆಯ ಹುಡುಗನನ್ನೋ ಮದುವೆಯಾಗಿದ್ದರೆ ಇಬ್ಬರಲ್ಲೂ ಅದೇ ಟಿವೈಆರ್ ಇರುವ ಸಾಧ್ಯತೆ ಜಾಸ್ತಿ ಇತ್ತು. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು. ದೂರದವರನ್ನು ಕಟ್ಟಿಕೊಂಡಿದ್ದಕ್ಕೆ ನನ್ನ ಮಗನ ಕಣ್ಣು ಚೆನ್ನಾಗಿದೆ. ನನ್ನ ಅಣ್ಣ ಹುಟ್ಟಿದ್ದು ಬೆರಕೆಯಿಂದಲ್ಲ, ಒಂದೇ ಮನೆಯೊಳಗಿನ ಮದುವೆಯಿಂದ.

ಆದರೆ ಇದನ್ನು ಉಲ್ಟಾ ಮಾಡಿ, ಬೆರೆತ ಜನರಿಗೆ ಏನೂ ಬರುವುದಿಲ್ಲ ಅಂತಲೂ ನಾನು ಹೇಳುವುದಿಲ್ಲ. ಪೋರ್ಟೊ ರಿಕೊದವರು ಬೆರೆತವರೇ ಅಲ್ವಾ. ಬೆರೆತಿದ್ದು ಶತಮಾನಗಳ ಹಿಂದೆ. ಆಮೇಲೆ ಅದೇ ಊರು, ಅದೇ ಹತ್ತಾರು ಮನೆತನ, ತಲೆತಲಾಂತರ ಅವರವರಲ್ಲೇ ಮದುವೆ. ಯಾವುದೋ ಒಬ್ಬ ಪೂರ್ವಜನಲ್ಲಿ ಎಚ್‌ಪಿಎಸ್1ರಲ್ಲಿ ಡಿಎನ್‌ಎಯ 16 ಅಕ್ಷರ ಎರಡು ಸಲ ಬರೆದುಹೋಗಿದೆ. ವಾಯವ್ಯದ ರೋಗಿಗಳಲ್ಲೆಲ್ಲ ಅದೇ ತಪ್ಪು. ದ್ವೀಪದ ಮಧ್ಯದ ಬೆಟ್ಟದ ಊರುಗಳಲ್ಲಿ ಬೇರೆ ಜೀನ್, ಎಚ್‌ಪಿಎಸ್3, ಅಲ್ಲಿ ಕಾಯಿಲೆ ಸ್ವಲ್ಪ ಸೌಮ್ಯ. ಅಷ್ಟು ಚಿಕ್ಕ ದ್ವೀಪದಲ್ಲಿ ಎರಡು ಕಡೆ ಎರಡು ಬೇರೆ ತಪ್ಪು. ಮೈಬಣ್ಣದಲ್ಲಿ ಅವರೆಲ್ಲ ನಾನಾ ಥರ ಇದ್ದಾರೆ, ಈ ಒಂದು ಜೀನಿನಲ್ಲಿ ಮಾತ್ರ ಹತ್ತಿರದ ಸಂಬಂಧಿಗಳು.

ಪಾಠದ ಮೇಷ್ಟ್ರು, ದಾವಣಗೆರೆ ಕಡೆ:

ನಮಸ್ಕಾರ. ನನಗೂ ಅಲ್ಬಿನಿಸಂ ಇದೆ. 44 ವರ್ಷ, ಹೈಸ್ಕೂಲ್‌ನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಫೋನನ್ನು ಮೂಗಿನಿಂದ ನಾಲ್ಕು ಬೆರಳು ದೂರ ಹಿಡಿದು ಇದನ್ನು ಬರೆಯುತ್ತಿದ್ದೇನೆ.

ನನ್ನನ್ನು ಬಿಳಿ ಜಿರಳೆ ಅಂತ ಕರೆಯುತ್ತಿದ್ದರು. ಅದಕ್ಕಿಂತ ನೋವಾಗಿದ್ದು ಬೋರ್ಡು. ಮೊದಲ ಬೆಂಚಿನಲ್ಲಿ ಕೂತರೂ ಬೋರ್ಡು ನನಗೆ ಬರೀ ಕಪ್ಪು ಗೋಡೆ. ಪಕ್ಕದವನ ನೋಟ್ಸ್ ನೋಡಿ ಬರೆದರೆ ಕಾಪಿ ಹೊಡೆಯುತ್ತಾನೆ ಅಂತ ಹೊಡೆತ. ಏಳನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು, ಅವರು ಈಗಿಲ್ಲ, ಬೋರ್ಡಿನ ಹತ್ತಿರಕ್ಕೇ ಎದ್ದು ಹೋಗಿ ಓದು ಅಂತ ಬಿಟ್ಟರು. ಅಷ್ಟೇ ಮಾಡಿದ್ದು. ನಾನು ಮೇಷ್ಟ್ರಾಗಿದ್ದು ಅದರಿಂದ.

ಪೋಷಕರು ಯಾರಾದರೂ ಓದುತ್ತಿದ್ದರೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಲ್ಬಿನಿಸಂ ಅಂತ ಬೇರೆ ಹೆಸರಿಲ್ಲ. ಮಂದ ದೃಷ್ಟಿ ಅಂತ ಇದೆ. ಅದರಡಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ತಗೊಳ್ಳಿ. ಶೇಕಡ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೀಸಲಾತಿ ಮತ್ತು ಇತರ ಸೌಲಭ್ಯ ಸಿಗುತ್ತದೆ. ಪರೀಕ್ಷೆಗೆ ಹೆಚ್ಚಿನ ಸಮಯ, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಕೇಳಿ. ಬಿಸಿಲಿಗೆ ತುಂಬು ತೋಳಿನ ಅಂಗಿ, ಸುತ್ತಲೂ ಅಂಚಿರುವ ಟೋಪಿ. ಮುಂದೆ ಮಾತ್ರ ಅಂಚಿರುವ ಕ್ರಿಕೆಟ್ ಕ್ಯಾಪ್‌ನಲ್ಲಿ ಕಿವಿ, ಕತ್ತು ಸುಡುತ್ತದೆ. ನನ್ನ ಬಲಗಿವಿಯ ಮೇಲಿನ ಗಾಯ ವಾಸಿಯಾಗದೆ ಇದ್ದಾಗ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್‌ನ ಮೊದಲ ಹಂತ ಅಂತ ಬಂತು, ಬೇಗ ಗೊತ್ತಾಗಿದ್ದಕ್ಕೆ ಉಳಿದೆ.

ನನ್ನ ಹೆಂಡತಿ ಸಂಬಂಧದವಳಲ್ಲ. ಮೊದಲ ಹೆರಿಗೆಯಾದಾಗ ಮಗುವನ್ನು ನೋಡಲು ಬಂದವರ ಸಾಲು ನೋಡಬೇಕಿತ್ತು. ಇಬ್ಬರೂ ಮಕ್ಕಳು ಅಮ್ಮನ ಬಣ್ಣ. ನನ್ನ ಜೀನ್ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದೇ ಇದೆ, ಮದುವೆ ವಯಸ್ಸಿಗೆ ಬಂದಾಗ ಹೇಳುತ್ತೇನೆ.

ಕಣ್ಣಿನ ಕೆಲಸದವಳು:

ಮೇಷ್ಟ್ರೇ, ನಿಮ್ಮ ಮಾತಿಗೆ ಒಂದು ಸೇರಿಸುತ್ತೇನೆ. ಇಬ್ಬರಿಗೂ ಅಲ್ಬಿನಿಸಂ ಇದ್ದರೆ ಮಕ್ಕಳಿಗೂ ಖಂಡಿತ ಅಂತ ಹಿಂದೆ ಪುಸ್ತಕಗಳಲ್ಲೇ ಇತ್ತು. 1952ರಲ್ಲಿ ಟ್ರೆವರ್-ರೋಪರ್ ಅನ್ನುವ ಇಂಗ್ಲೆಂಡಿನ ಕಣ್ಣಿನ ವೈದ್ಯರು ಒಂದು ಮನೆಯ ವಿಷಯ ಪ್ರಕಟಿಸಿದರು. ಅಪ್ಪ ಅಮ್ಮ ಇಬ್ಬರಿಗೂ ಅಲ್ಬಿನಿಸಂ, ಮಕ್ಕಳಿಗೆ ಮಾಮೂಲಿ ಬಣ್ಣ. ಅಲ್ಬಿನಿಸಂ ಒಬ್ಬೊಬ್ಬರಲ್ಲಿ ಬೇರೆ ಬೇರೆ ಜೀನಿನಿಂದ ಬರಬಹುದು ಅನ್ನಲು ಅದೇ ಸಾಕ್ಷಿ. ಹೇಮಾವತಿ ಅವರ ಮನೆಯಲ್ಲಿ ಆಗಿದ್ದೂ ಅದೇ ಲೆಕ್ಕ.

ಯಲ್ಲಾಪುರದ ಕಾಡಂಚು:

ನಾನು ಸಿದ್ದಿ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಪೋರ್ಚುಗೀಸರು, ಅರಬರು ತಂದರು ಅಂತ ಎಲ್ಲರಿಗೂ ಗೊತ್ತು. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯವರು ನಮ್ಮ ಜನರ ಡಿಎನ್‌ಎ ನೋಡಿದರು. ಆಫ್ರಿಕಾದ ಪಾಲು ಜಾಸ್ತಿ, ಜೊತೆಗೆ ಭಾರತದ್ದು, ಸ್ವಲ್ಪ ಯುರೋಪಿನದ್ದೂ ಇದೆ ಅಂತ ಬಂತು. ನಮ್ಮ ಮನೆಯಲ್ಲಿ ಅದನ್ನು ನೋಡಲು ಲ್ಯಾಬ್ ಬೇಡ. ನನ್ನ ದೊಡ್ಡ ಮಗಳದ್ದು ಸ್ಪ್ರಿಂಗಿನಂಥ ಕೂದಲು, ಬಾಚಣಿಗೆ ಮುರಿಯುತ್ತೆ. ಚಿಕ್ಕವಳದ್ದು ಅಲೆ ಅಲೆ. ದೊಡ್ಡವಳು ನನಗಿಂತ ತಿಳಿ ಬಣ್ಣ, ಚಿಕ್ಕವಳು ಗಾಢ. ಕೂದಲು ಒಂದು ಕಡೆ ಹೋಯಿತು, ಬಣ್ಣ ಇನ್ನೊಂದು ಕಡೆ. ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದಿಲ್ಲ ದೇವರು.

ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹತ್ತಿರ ಇಂಗ್ಲಿಷ್ ಮಾತಾಡುತ್ತಾನೆ. ನಾನು "ಹಳಿಯಾಳಕ್ಕೆ ಒಂದು ಕೊಡಿ ಮಾರಾಯ್ರೇ" ಅಂದರೆ ಮುಖ ನೋಡುತ್ತಾನೆ. ನಿಮ್ಮ ಮಗನಿಗೂ ಮುಂದೆ ಇಂಥದ್ದು ಆಗುತ್ತೆ ಅಕ್ಕ. ಕನ್ನಡ ಗಟ್ಟಿಯಾಗಿ ಕಲಿಸಿ.

ನಮ್ಮ ಕಡೆ ಅಲ್ಬಿನಿಸಂ ಇರುವವರನ್ನು ನಾನು ಕಂಡಿಲ್ಲ. ಆದರೆ ಟಾಂಜಾನಿಯಾದಲ್ಲಿ ಸುಮಾರು 1,400 ಜನಕ್ಕೆ ಒಬ್ಬರು ಇದ್ದಾರೆ, ಮಾಟ ಮಾಡುವವರ ಮಾತು ಕೇಳಿ ಅವರ ಕೈಕಾಲು ಕತ್ತರಿಸಿದ್ದಾರೆ, ಕೊಂದಿದ್ದಾರೆ. ಅದನ್ನು ಓದಿದ ಮೇಲೆ ಎರಡು ದಿನ ನಿದ್ದೆ ಬರಲಿಲ್ಲ. ನಮ್ಮ ಮೂಲದ ಜನ ಅನ್ನಿಸುತ್ತೆ ನೋಡಿ. ಜೂನ್ 13ನ್ನು ಅಲ್ಬಿನಿಸಂ ಜಾಗೃತಿ ದಿನ ಅಂತ ವಿಶ್ವಸಂಸ್ಥೆ 2014ರಲ್ಲಿ ಗೊತ್ತುಮಾಡಿದೆ. ನಮ್ಮ ಶಾಲೆಗಳಲ್ಲೂ ಅದನ್ನು ಹೇಳಬೇಕು.

ಹೇಮಾವತಿ ದಂಡೆ:

ಕೂದಲು ಒಂದು ಕಡೆ, ಬಣ್ಣ ಒಂದು ಕಡೆ. ಇದನ್ನು ನಾನು ನಮ್ಮ ಕಡೆಯವರಿಗೆ ಹೇಳಲು ಎಷ್ಟು ಹೆಣಗಾಡಿದ್ದೆ! ಮಾಮೂಲಿ ಮೈಬಣ್ಣಕ್ಕೆ ಹತ್ತಾರು ಜೀನ್ ಸೇರಿ ಕೆಲಸ ಮಾಡುತ್ತವೆ, ಒಂದೊಂದೂ ಸ್ವಲ್ಪ ಸ್ವಲ್ಪ. ಅದರಲ್ಲಿ ಒಂದು ಎಸ್‌ಎಲ್‌ಸಿ24ಎ5. 2005ರಲ್ಲಿ ಜೀಬ್ರಾ ಮೀನಿನ ಒಂದು ತಿಳಿ ಬಣ್ಣದ ತಳಿಯಿಂದ ಅದರ ಕೆಲಸ ಗೊತ್ತಾಯಿತು. ಅದರ ತಿಳಿ ಬಣ್ಣದ ರೂಪ ಯುರೋಪಿನವರಲ್ಲೂ ಇದೆ, ನಮ್ಮ ದಕ್ಷಿಣ ಏಷ್ಯಾದವರಲ್ಲೂ ಬೇಕಾದಷ್ಟು ಇದೆ. ಎರಡಕ್ಕೂ ಮೂಲ ಒಂದೇ ಅಂತ ನಮ್ಮ ದೇಶದ ವಿಜ್ಞಾನಿಗಳೇ ತೋರಿಸಿದ್ದಾರೆ. ಮಗ ಯಾವುದನ್ನು ಯಾರಿಂದ ಎಳೆದುಕೊಂಡ ಅನ್ನುವುದು ಇಸ್ಪೀಟು ಕಲಸಿದ ಹಾಗೆ. ಕೇಸರಿ ಹಾಲಿಗೆ ಅಲ್ಲಿ ಕೆಲಸ ಇಲ್ಲ. ನಮ್ಮ ಮನೆಗಳಲ್ಲಿರುವ ಅಲ್ಬಿನಿಸಂ ಲೆಕ್ಕವೇ ಬೇರೆ, ಅಲ್ಲಿ ಒಂದೇ ಜೀನಿನ ಎರಡೂ ಪ್ರತಿ ಕೆಟ್ಟಿರಬೇಕು.

ಬೆಂಗಳೂರು ದಕ್ಷಿಣ:

ಅಕ್ಕ, ನನಗೆ ಅತ್ತೆ ಮಗನ ಜೊತೆ ಮದುವೆ ಮಾತಾಗಿದೆ. ಅವರ ಚಿಕ್ಕ ತಮ್ಮನಿಗೆ ಅಲ್ಬಿನಿಸಂ ಇದೆ. ಮನೆಯಲ್ಲಿ ಯಾರೂ ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ನಾನು ಏನು ಮಾಡಲಿ?

ಹೇಮಾವತಿ ದಂಡೆ:

ಹೆದರಬೇಡಮ್ಮ. ಲೆಕ್ಕ ಹೀಗಿದೆ. ತಮ್ಮನಿಗೆ ಇದೆ ಅಂದರೆ ಅವರ ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದೆ. ಹುಡುಗನಿಗೆ ಕಾಯಿಲೆ ಇಲ್ಲ, ಆದರೂ ಅವನಲ್ಲಿ ಆ ಪ್ರತಿ ಇರುವ ಸಾಧ್ಯತೆ ಮೂರರಲ್ಲಿ ಎರಡು. ನನ್ನ ಗಂಡನಿಗೂ ಪರೀಕ್ಷೆಗೆ ಮುಂಚೆ ಇದನ್ನೇ ಹೇಳಿದ್ದರು. ನಿನ್ನ ಅತ್ತೆಯಲ್ಲಿ ಇದೆ, ಅವರು ನಿನ್ನ ಅಪ್ಪನ ಒಡಹುಟ್ಟಿದವರು. ಹಾಗಾಗಿ ನಿನ್ನ ಅಪ್ಪನಲ್ಲಿ ಇರುವ ಸಾಧ್ಯತೆ ಅರ್ಧ, ನಿನ್ನಲ್ಲಿ ಕಾಲು. ಮೊದಲು ತಮ್ಮನಿಗೆ ಪರೀಕ್ಷೆ ಮಾಡಿಸಿದರೆ ಯಾವ ಜೀನ್ ಅಂತ ಗೊತ್ತಾಗುತ್ತೆ. ಆಮೇಲೆ ನೀವಿಬ್ಬರೂ ಅದೊಂದನ್ನೇ ನೋಡಿಸಿದರೆ ಸಾಕು. ಬೆಂಗಳೂರಿನಲ್ಲೇ ಜೆನೆಟಿಕ್ ಕೌನ್ಸೆಲಿಂಗ್ ಸಿಗುತ್ತದೆ. ಆ ತಮ್ಮನನ್ನು ಬಚ್ಚಿಡುವುದು ಬೇಡ, ಅವನ ಒಪ್ಪಿಗೆ ಕೇಳಿ, ಅವನನ್ನೇ ಜೊತೆಗೆ ಕರೆದುಕೊಂಡು ಹೋಗಿ.

ಈಗ ನನ್ನ ಸಹಾಯದ ವಿಷಯ. ಡಿಸೆಂಬರ್‌ನಲ್ಲಿ ನಾದಿನಿ ನಮ್ಮ ಜೊತೆ ಊರಿಗೆ ಬರುತ್ತಿದ್ದಾಳೆ. ಅಣ್ಣನನ್ನು ನೋಡಲೇಬೇಕು ಅಂತ ಹಟ. ಹೋದ ತಿಂಗಳು ವಿಡಿಯೋ ಕಾಲ್‌ನಲ್ಲಿ ಇಬ್ಬರನ್ನೂ ಮಾತಾಡಿಸಿದೆ. ಅವಳಿಗೆ ಕನ್ನಡ ಬರಲ್ಲ, ಅವನಿಗೆ ಸ್ಪ್ಯಾನಿಷ್ ಬರಲ್ಲ, ನಾನೇ ಮಧ್ಯೆ. ಇಬ್ಬರೂ ಫೋನನ್ನು ಮುಖದ ಹತ್ತಿರ ತಂದರು. ಇಬ್ಬರೂ ತಲೆಯನ್ನು ಎಡಕ್ಕೆ ಸ್ವಲ್ಪ ವಾಲಿಸಿದರು. ಆ ಕೋನದಲ್ಲಿ ಕಣ್ಣು ಕಡಿಮೆ ಅಲುಗಾಡುತ್ತೆ, ಚೆನ್ನಾಗಿ ಕಾಣುತ್ತೆ ಅಂತ ಆಮೇಲೆ ತಿಳಿಯಿತು. ಎರಡು ಭೂಖಂಡ, ಎರಡು ಬೇರೆ ಜೀನ್, ತಲೆ ವಾಲಿಸುವುದು ಒಂದೇ ಥರ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೂ ಬಿಸಿಲು ಚುಚ್ಚುತ್ತಾ ಕೇಳು" ಅಂದ.

ನಮ್ಮೂರು ಹಾಸನದಿಂದ ಒಂದು ಗಂಟೆ ದಾರಿ. ಏನಾದರೂ ಹೆಚ್ಚು ಕಡಿಮೆಯಾದರೆ ಮೊದಲು ಸಿಗುವುದು ಊರಿನ ಸಣ್ಣ ಕ್ಲಿನಿಕ್. ಅವಳ ಕೊರಳಿಗೆ ಹಾಕಲು ಕನ್ನಡದಲ್ಲಿ ಒಂದು ಚೀಟಿ ಬೇಕು. ನಾನು ಬರೆದಿದ್ದು ಇದು: "ಈ ವ್ಯಕ್ತಿಗೆ ರಕ್ತಸ್ರಾವ ಸಂಬಂಧಿ ಅನುವಂಶಿಕ ನ್ಯೂನತೆಯಿದೆ. ಆಸ್ಪಿರಿನ್ ನಿಷಿದ್ಧ." ಸರಿ ಇದೆಯಾ?

ಪಾಠದ ಮೇಷ್ಟ್ರು, ದಾವಣಗೆರೆ ಕಡೆ:

ಮೇಡಂ, ನಿಷಿದ್ಧ ಅಂದರೆ ಯಾರು ಓದುತ್ತಾರೆ? ಇಂಜೆಕ್ಷನ್ ಕೊಡುವ ಹುಡುಗಿಗೂ ಒಂದೇ ಸಲಕ್ಕೆ ಅರ್ಥವಾಗಬೇಕು. ಅಕ್ಷರ ದಪ್ಪಗಿರಲಿ. ನಿಮ್ಮ ನಾದಿನಿಗೆ ಒಂದು ಟೋಪಿ ತೆಗೆದಿಡುತ್ತೇನೆ, ಹಾಸನಕ್ಕೆ ಕೊರಿಯರ್ ಮಾಡುತ್ತೇನೆ.

ಕಣ್ಣಿನ ಕೆಲಸದವಳು:

ಬರೀ ಆಸ್ಪಿರಿನ್ ಅಂದರೆ ಸಾಲದು, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬರೆಯಿರಿ. ನಮ್ಮ ಕಡೆ ಮೈಕೈ ನೋವು ಅಂದ ತಕ್ಷಣ ಡೈಕ್ಲೊಫೆನಾಕ್ ಇಂಜೆಕ್ಷನ್ ಚುಚ್ಚುವುದು ಜಾಸ್ತಿ. ಪ್ಲೇಟ್‌ಲೆಟ್ ಎಣಿಕೆ ನೋಡಿ ಸರಿ ಇದೆ ಅಂದುಬಿಡುತ್ತಾರೆ, ಅದನ್ನೂ ಹಾಕಿ. ಎಚ್‌ಪಿಎಸ್1 ಇದ್ದರೆ ಮೂವತ್ತು ನಲವತ್ತರ ವಯಸ್ಸಿನಲ್ಲಿ ಶ್ವಾಸಕೋಶ ಗಟ್ಟಿಯಾಗುವ ತೊಂದರೆ ಬರುತ್ತೆ. ಊರಲ್ಲಿ ಸೌದೆ ಒಲೆಯ ಹೊಗೆಯಿಂದ ದೂರ ಇರಿಸಿ. ಹೊರಡುವ ಮುಂಚೆ ಅವಳ ಡಾಕ್ಟರಿಗೆ ಚೀಟಿಯ ಇಂಗ್ಲಿಷ್ ರೂಪ ತೋರಿಸಿ ಸಹಿ ಹಾಕಿಸಿಕೊಳ್ಳಿ.

ಹೇಮಾವತಿ ದಂಡೆ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಿದ್ದಿದ್ದೇನೆ. ನಾಳೆ ಡಾಕ್ಟರಿಗೆ ತೋರಿಸಿ ಲ್ಯಾಮಿನೇಟ್ ಮಾಡಿಸುತ್ತೇನೆ, ಅಣ್ಣನಿಗೂ ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ.

"ನನಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಹುಟ್ಟಿನಿಂದ ಹೀಗೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಕೊಡಬಹುದು. ಪ್ಲೇಟ್‌ಲೆಟ್ ಎಣಿಕೆ ಸರಿ ಬಂದರೂ ನಂಬಬೇಡಿ, ಅವು ಕೆಲಸ ಮಾಡುವುದಿಲ್ಲ. ಹಲ್ಲು ಕೀಳುವ ಮೊದಲು, ಹೊಲಿಗೆ ಹಾಕುವ ಮೊದಲು ಹಿಂದೆ ಬರೆದಿರುವ ನಂಬರಿಗೆ ಫೋನ್ ಮಾಡಿ. ನನಗೆ ದೂರದ್ದು ಕಾಣುವುದಿಲ್ಲ, ಹತ್ತಿರ ಬಂದು ಮಾತಾಡಿ."